ಮಗ್ಗೆ ಸೀಮೆಯ ಹೈನುಗಾರಿಕೆಯೂ ಮೇವಿನ ಅಭಾವವೂ

ಆಲೂರು ತಾಲ್ಲೂಕಿನ ಮಗ್ಗೆಯ ಸುತ್ತಲಿನ ಗ್ರಾಮಗಳಲ್ಲಿ ಒಂದೆರಡು ಹಸುಗಳ ಹಾಲಿನಿಂದಲೇ ಮನೆವಾರ್ತೆಯನ್ನು ತೂಗಿಸುವ ಸಣ್ಣ ರೈತರಿರುವರು. ಕಾಫಿಯೂ ಭತ್ತವೂ ವರ್ಷಕ್ಕೊಮ್ಮೆ ಕೈಗೆ ಹಣವನ್ನು ತರುವುವು; ಹಾಲಾದರೋ ವರ್ಷದ ಬಹುಭಾಗ ಹಣವನ್ನು ತರುವುದು. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮವು ಸ್ಥಾಪಿತವಾದ ತರುವಾಯ ಹಾಸನ ಜಿಲ್ಲೆಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹರಡಿ, ಹಾಲನ್ನು ಮಾರುವ ಕಷ್ಟವು ಬಹುಮಟ್ಟಿಗೆ ನೀಗಿತು. ಈಗ ಉಳಿದಿರುವ ದೊಡ್ಡ ಕಷ್ಟವು ಮೇವಿನದು.

ಹಸುವೊಂದಕ್ಕೆ ದಿನಕ್ಕೆ 6 ಕಿಲೋ ಒಣಹುಲ್ಲೆಂದರೆ ವರ್ಷಕ್ಕೆ ಸುಮಾರು 22 ಕ್ವಿಂಟಾಲ್ ಬೇಕಾಗುವುದು. ಇದು ಒಂದೆಕರೆ ಗದ್ದೆಯ ಹುಲ್ಲಿಗೆ ಕಡಮೆಯಾದುದಲ್ಲ. ಕಾಡಾನೆಗಳ ಹಾವಳಿಯಿಂದ ಈ ಸೀಮೆಯಲ್ಲಿ ಅನೇಕ ಗದ್ದೆಗಳು ಬೀಳುಬಿದ್ದಿರುವುದರಿಂದ ಭತ್ತದೊಡನೆ ಹುಲ್ಲೂ ಇಲ್ಲವಾಗಿದೆ. ಹುಲ್ಲನ್ನು ಕೊಂಡು ಹಾಕಿದವನಿಗೆ ಹಾಲಿನ ಹಣವು ಕೊಟ್ಟಿಗೆಗೇ ಸಂದುಹೋಗುವುದು. ಮಳೆಗಾಲದಲ್ಲಿ ಹಸುರು ಹೇರಳವಾಗಿದ್ದರೂ ಎಳೆಯ ಹುಲ್ಲಿನಲ್ಲಿ ನಾರು ಕಡಮೆ. ಅದನ್ನು ಮಾತ್ರ ಮೇಯ್ದ ಹಸುವಿನ ಹಾಲಿನಲ್ಲಿ ಜಿಡ್ಡು ಇಳಿಯುವುದು. ಹಾಲಿಗೆ ಬೆಲೆ ಕಟ್ಟುವುದು ಜಿಡ್ಡಿನ ಮೇಲಾದುದರಿಂದ ನಷ್ಟವು ರೈತನದೇ. ಹಸುರಿನೊಡನೆ ದಿನವೂ ಸ್ವಲ್ಪ ಒಣಹುಲ್ಲನ್ನು ಕೊಡುವುದು ಅಗತ್ಯ.

ಇದಕ್ಕೆ ಪರಿಹಾರವು ಗ್ರಾಮದ ಕೈಯಲ್ಲಿಯೇ ಇದೆ. 1966ರ ಭೂಕಂದಾಯ ನಿಯಮಗಳಂತೆ ನೂರು ದನಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ, ಗೋಮಾಳವಿರತಕ್ಕದ್ದು. ಗ್ರಾಮದ ಮುಖ್ಯಸ್ಥರು ತಮ್ಮ ಊರಿನ ದನಗಳನ್ನೆಣಿಸಿ, ಗೋಮಾಳದ ಅಳತೆಯನ್ನು ದಾಖಲೆಗಳೊಡನೆ ಹೋಲಿಸಿ ನೋಡಬೇಕು. ಒತ್ತುವರಿಯಿದ್ದಲ್ಲಿ ತಹಸೀಲ್ದಾರರಿಗೆ ತಿಳಿಸತಕ್ಕದ್ದು. ಉಳಿದ ನೆಲವನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೆ ಸರದಿಯಂತೆ ಬಿಡುವು ಕೊಟ್ಟರೆ ಹುಲ್ಲು ಮತ್ತೆ ಚಿಗುರುವುದು.

ಭೂಮಾಲೀಕರು ಮಾಡಬಹುದಾದ ಉಪಕಾರವೂ ಅಲ್ಪವಲ್ಲ. ಸುಗ್ಗಿಯಲ್ಲಿ ಹುಲ್ಲನ್ನು ಗದ್ದೆಯಲ್ಲಿಯೇ ಸುಡದೆ ಹಸುವುಳ್ಳ ಬಡವರಿಗೆ ಸುಲಭ ಬೆಲೆಗೆ ಕೊಡಬಹುದು. ನೀರು ನಿಲ್ಲದ ತುಂಡು ನೆಲವನ್ನು ನೇಪಿಯರ್ ಹುಲ್ಲಿಗೆ ಬಿಟ್ಟುಕೊಡಬಹುದು. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಅಂತರದಲ್ಲಿ ತುಂಡುಗಳನ್ನು ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ತೇವವಿರುವಾಗ ಸುಮಾರು 45 ದಿನಗಳಿಗೊಮ್ಮೆ ಕೊಯ್ಲು ದೊರೆಯುವುದು. ಆನೆಗೂ ಈ ಹುಲ್ಲು ಪ್ರಿಯವಾದುದರಿಂದ ಕಾಡಂಚನ್ನು ಬಿಟ್ಟು ಊರ ನಡುವೆ ನೆಡುವುದು ಕ್ಷೇಮ.

ಒಣಹುಲ್ಲಿನ ಸತ್ವವನ್ನು ಹೆಚ್ಚಿಸಲು 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯವನ್ನು 50 ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಹುಲ್ಲನ್ನು ಗಾಳಿಗೆ ಆರಿಸಿಯೇ ಹಾಕತಕ್ಕದ್ದು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಲೇಬಾರದು. ಯೂರಿಯದ ನೀರು ದನಗಳ ಬಾಯಿಗೆ ಸಿಕ್ಕದಂತೆಯೂ ಎಚ್ಚರವಿರಬೇಕು.

ಬಡವನ ಹಸು ಒಮ್ಮೆ ಸಂತೆಗೆ ಹೋದರೆ ಮರಳಿ ಬರುವುದು ಕಷ್ಟ. ಹಸುವಿನೊಡನೆ ಹಾಲೂ, ಗದ್ದೆತೋಟಗಳ ಗೊಬ್ಬರವೂ ಹೋಗುವುವು. ಆದುದರಿಂದ ಈ ಸುಗ್ಗಿಗೆ ಮುನ್ನವೇ ಊರಿನವರೆಲ್ಲ ಕಲೆತು ಮೇವಿನ ಏರ್ಪಾಡನ್ನು ಮಾಡಿಕೊಳ್ಳುವುದು ಉಚಿತ.