ಕಮಾನು ಬಂಡಿಗಳ ಪಶ್ಚಿಮಯಾತ್ರೆ: ಬಾಣಕ್ಕಿಂತ ನೀರೇ ಘಾತಕ

ಬಿಳಿಯ ಕಮಾನು ಹೊದ್ದ ಬಂಡಿಗಳ ಸಾಲು, ಅದನ್ನು ಸುತ್ತುವರಿದ ಕುದುರೆ ಸವಾರರು, ತೂರಿಬರುವ ಬಾಣಗಳು. ಅಮೆರಿಕದ ವಲಸೆಗಾರರ ಪಶ್ಚಿಮಯಾತ್ರೆ ಎಂದೊಡನೆ ಹಾಲಿವುಡ್ ಚಿತ್ರಗಳನ್ನು ನೋಡಿದವರ ಕಣ್ಣೆದುರು ಮೂಡುವ ದೃಶ್ಯವಿದು. ಆದರೆ ದಾಖಲೆಗಳು ಹೇಳುವ ಕಥೆ ಬೇರೆ. ದಾರಿಯಲ್ಲಿ ಪ್ರಾಣ ತೆತ್ತವರ ಪೈಕಿ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ರೋಗ.

ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದಿಂದ ಓರೆಗಾನ್‌ನ ವಿಲಾಮೆಟ್ ಕಣಿವೆಗೆ ಸುಮಾರು 3,200 ಕಿಲೋಮೀಟರ್ ದೂರ. 1843ರಲ್ಲಿ ಸುಮಾರು ಸಾವಿರ ಜನರ ದೊಡ್ಡ ತಂಡವೊಂದು ಈ ದಾರಿ ಹಿಡಿದ ಬಳಿಕ ವಲಸೆ ಪ್ರವಾಹದಂತೆ ಹರಿಯಿತು. 1837ರ ಆರ್ಥಿಕ ಕುಸಿತದಿಂದ ಕಂಗೆಟ್ಟ ರೈತರನ್ನು ಸೆಳೆದದ್ದು ಭೂಮಿಯ ಆಸೆ. 1850ರ ಕಾನೂನು ಅಲ್ಲಿ ನೆಲೆಸಿದ ಬಿಳಿಯ ದಂಪತಿಗೆ 640 ಎಕರೆ ನೀಡಿತು. ಅದರಲ್ಲಿ ಅರ್ಧ ಪತ್ನಿಯ ಹೆಸರಿಗೆ.

ಸವಾರಿಯಲ್ಲ, ನಡಿಗೆ

ಬಂಡಿಯ ತೊಟ್ಟಿ ಸುಮಾರು ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ಮಳೆಯಿಂದ ರಕ್ಷಿಸಲು ಮೇಲಿನ ಬಟ್ಟೆಗೆ ಅಗಸೆ ಎಣ್ಣೆ ಬಳಿಯುತ್ತಿದ್ದರು. ವಯಸ್ಕನೊಬ್ಬನಿಗೆ ಸುಮಾರು 90 ಕಿಲೋ ಹಿಟ್ಟು ಬೇಕೆಂದು ಆಗಿನ ಕೈಪಿಡಿ ಸೂಚಿಸಿತ್ತು. ದವಸವೇ ಬಂಡಿಯನ್ನು ತುಂಬಿದ ಮೇಲೆ ಜನರಿಗೆ ಜಾಗವೆಲ್ಲಿ? ರೋಗಿಗಳು, ಎಳೆಯ ಮಕ್ಕಳ ಹೊರತು ಬಹುತೇಕರು ಕಾಲ್ನಡಿಗೆಯಲ್ಲೇ ಸಾಗಿದರು. ಕುದುರೆಗಿಂತ ಅಗ್ಗವಾದ, ಬಯಲಿನ ಹುಲ್ಲನ್ನೇ ಮೇಯ್ದು ಬದುಕಬಲ್ಲ ಎತ್ತುಗಳು ನೊಗ ಹೊತ್ತವು. ಸೌದೆ ಸಿಗದ ಬಯಲಿನಲ್ಲಿ ಒಲೆ ಉರಿಸಿದ್ದು ಬೈಸನ್‌ಗಳ ಒಣ ಸಗಣಿ.

ಪಂಚಾಂಗದೊಡನೆ ಪಂದ್ಯ

ಹುಲ್ಲು ಚಿಗುರುವ ಮುನ್ನ ಹೊರಟರೆ ಎತ್ತುಗಳಿಗೆ ಮೇವಿಲ್ಲ. ತಡವಾಗಿ ಹೊರಟರೆ ಪಶ್ಚಿಮದ ಪರ್ವತಗಳಲ್ಲಿ ಹಿಮ ದಾರಿ ಮುಚ್ಚುತ್ತದೆ. ಆದ್ದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಹೊರಟು, ಜುಲೈ 4ರ ಸುಮಾರಿಗೆ ವಯೋಮಿಂಗ್‌ನ ಇಂಡಿಪೆಂಡೆನ್ಸ್ ಬಂಡೆಯನ್ನು ತಲುಪುವುದು ಅವರ ಲೆಕ್ಕಾಚಾರ.

ಈ ಲೆಕ್ಕ ತಪ್ಪಿದರೆ ಏನಾದೀತೆಂಬುದಕ್ಕೆ ಕ್ಯಾಲಿಫೋರ್ನಿಯಾದತ್ತ ಹೊರಟ ಡೋನರ್ ತಂಡವೇ ಸಾಕ್ಷಿ. 1846ರಲ್ಲಿ ಈ ತಂಡ ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ ಪ್ರಚಾರ ಮಾಡಿದ್ದ ಅಡ್ಡದಾರಿಯನ್ನು ನಂಬಿತು. ಆ ದಾರಿಯನ್ನು ತನ್ನ ಪುಸ್ತಕದಲ್ಲಿ ಸೂಚಿಸಿದಾಗ ಆತ ಅದರಲ್ಲಿ ಪಯಣಿಸಿಯೇ ಇರಲಿಲ್ಲ. ಸಮಯ ಉಳಿಸಬೇಕಿದ್ದ ದಾರಿ ವಾರಗಳನ್ನೇ ನುಂಗಿತು. ಸಿಯೆರಾ ನೆವಾಡಾ ಪರ್ವತದ ಬುಡದಲ್ಲಿ ಹಿಮಕ್ಕೆ ಸಿಲುಕಿದ ತಂಡದಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಬದುಕುಳಿದವರಲ್ಲಿ ಕೆಲವರು ಸತ್ತವರ ಮಾಂಸ ತಿಂದು ಜೀವ ಹಿಡಿದರು.

ರೋಗದ ಹಾದಿ

1849ರಿಂದ ಕೆಲವು ವರ್ಷ ಕಾಲರಾ ಈ ದಾರಿಯುದ್ದಕ್ಕೂ ತಾಂಡವವಾಡಿತು. ಒಂದೇ ನದಿಯ ದಡದಲ್ಲಿ ತಂಡದ ಬೆನ್ನಿಗೆ ತಂಡ ಬೀಡುಬಿಡುತ್ತಿತ್ತು. ಮುಂದೆ ಹೋದವರು ಮಲಿನಗೊಳಿಸಿದ ನೀರನ್ನೇ ಹಿಂದೆ ಬಂದವರು ಕುಡಿಯುತ್ತಿದ್ದರು. ಬೆಳಿಗ್ಗೆ ನಡೆಯುತ್ತಿದ್ದವರು ಸಂಜೆಗೆ ಹೆಣವಾಗುತ್ತಿದ್ದುದೂ ಉಂಟು.

ಮೂಲನಿವಾಸಿಗಳ ದಾಳಿಯ ಭೀತಿ ಎಷ್ಟಿತ್ತು? ಇತಿಹಾಸಕಾರ ಜಾನ್ ಅನ್‌ರೂ ಲೆಕ್ಕ ಹಾಕಿದಂತೆ, 1840ರಿಂದ 1860ರವರೆಗೆ ಇಂತಹ ಘರ್ಷಣೆಗಳಲ್ಲಿ ಹತರಾದ ವಲಸೆಗಾರರು 362; ವಲಸೆಗಾರರ ಕೈಯಲ್ಲಿ ಹತರಾದ ಮೂಲನಿವಾಸಿಗಳು 426. ನದಿ ದಾಟಿಸಲು, ದಾರಿ ತೋರಲು, ಆಹಾರ ಮಾರಲು ಮೂಲನಿವಾಸಿಗಳು ಅನೇಕ ಕಡೆ ನೆರವಾಗಿದ್ದರು.

ಅವರಿಗೆ ಬಂಡಿಗಳು ತಂದದ್ದು ಕೇಡನ್ನೇ. ಎತ್ತುಗಳು ಹುಲ್ಲು ಬೋಳಿಸಿದವು, ಬೇಟೆ ಚದುರಿತು. 1847ರಲ್ಲಿ ಹರಡಿದ ದಡಾರ, ರೋಗನಿರೋಧಕ ಶಕ್ತಿಯಿಲ್ಲದ ಕಯ್ಯೂಸ್ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದಿತು. ಆ ಸಾವುಗಳಿಗೆ ಪಾದ್ರಿ–ವೈದ್ಯ ಮಾರ್ಕಸ್ ವಿಟ್ಮನ್ ಕಾರಣರೆಂದು ಶಂಕಿಸಿದ ಕೆಲವರು ವಿಟ್ಮನ್ ದಂಪತಿಯನ್ನೂ ಇತರರನ್ನೂ ಹತ್ಯೆ ಮಾಡಿದರು. ಅದರಿಂದ ಯುದ್ಧವೇ ಹೊತ್ತಿಕೊಂಡಿತು. ಓರೆಗಾನ್‌ನ ಮೂಲನಿವಾಸಿಗಳೊಡನೆ ಒಪ್ಪಂದಗಳು ಇತ್ಯರ್ಥವಾಗುವ ಮುನ್ನವೇ 1850ರ ಕಾನೂನು ಅವರ ನೆಲವನ್ನು ಹಂಚಿತ್ತು.

1869ರಲ್ಲಿ ಖಂಡದ ಎರಡು ಬದಿಗಳನ್ನು ರೈಲುಮಾರ್ಗ ಬೆಸೆದ ಮೇಲೆ ಬಂಡಿಗಳ ಕಾಲ ಮುಗಿಯತೊಡಗಿತು. ವಯೋಮಿಂಗ್‌ನ ಗರ್ನ್‌ಸಿ ಬಳಿ ಗಾಲಿಗಳು ಕೊರೆದ ಆಳವಾದ ಜಾಡುಗಳನ್ನು ಬಂಡೆಯ ಮೇಲೆ ಇಂದಿಗೂ ಕಾಣಬಹುದು. ಗೋರಿಗಳ ಗುರುತು ಮಾತ್ರ ಬಹುಪಾಲು ಅಳಿದಿದೆ. ಕಾಡುಪ್ರಾಣಿಗಳು ಬಗೆಯದಿರಲೆಂದು ಎಷ್ಟೋ ಕುಟುಂಬಗಳು ತಮ್ಮವರನ್ನು ದಾರಿಯ ನಡುವೆಯೇ ಹೂತು, ಅದರ ಮೇಲೆ ಬಂಡಿ ಹಾಯಿಸಿ ಮುಂದೆ ಸಾಗಿದ್ದವು.