ಹೇರು ಎರಡರಷ್ಟು, ಸವೆತ ಹದಿನಾರರಷ್ಟು

ಬಯಲುಸೀಮೆಯ ಕುರಿಗೊಬ್ಬರ, ಹುಲ್ಲು ಕಾಫಿ ತೋಟಗಳಿಗೆ ಏರುತ್ತವೆ. ಅಲ್ಲಿಂದ ಕಾಫಿ, ಮೆಣಸು, ಅಡಿಕೆ, ಮರದ ದಿಮ್ಮಿ ಇಳಿಯುತ್ತವೆ. ಕಳಸ, ಹೊರನಾಡಿನ ಕಡೆ ಇವೆಲ್ಲಕ್ಕೂ ಇರುವುದು ಅದೇ ಅಂಕುಡೊಂಕು ರಸ್ತೆ. ಅನ್ನಪೂರ್ಣೇಶ್ವರಿ ದರ್ಶನಕ್ಕೆ ಹೋಗುವ ಬಸ್ಸು, ಆಸ್ಪತ್ರೆಗೆ ಹೊರಟ ಜೀಪು ಓಡುವುದೂ ಅದರಲ್ಲೇ. ರಸ್ತೆ ಕಿತ್ತುಹೋದರೆ ಕಂಟ್ರಾಕ್ಟರನ್ನೋ ಮಳೆಯನ್ನೋ ಬಯ್ಯುತ್ತೇವೆ. ಮೂರನೆಯ ಕಾರಣ ಲೆಕ್ಕಕ್ಕೇ ಬರುವುದಿಲ್ಲ. ಅದು ಹೇರು.

ಅಳೆದು ನೋಡಿದ್ದು

ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಇದರ ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆ ಮಾಡಿ, ಗೊತ್ತಾದ ತೂಕದ ಲಾರಿಗಳನ್ನು ಸುತ್ತಿಸಿದರು. ಓಡಿಸಿದವರು ಸೈನಿಕರು. ತಿಳಿದುಬಂದದ್ದಿಷ್ಟು: ರಸ್ತೆ ಸವೆಯುವುದು ಲಾರಿಯ ಒಟ್ಟು ತೂಕದಿಂದಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರದಿಂದ. ಲಾರಿಯವರು ಆಕ್ಸಲ್ ಅನ್ನುವುದು ಇದನ್ನೇ. ಆ ಭಾರ ಎರಡರಷ್ಟಾದರೆ ಸವೆತ 2×2×2×2, ಅಂದರೆ ಸುಮಾರು 16 ಪಟ್ಟು.

ನಮ್ಮಲ್ಲಿ ನಾಲ್ಕು ಟೈರಿನ ಹಿಂದಿನ ಅಚ್ಚಿಗೆ 10.2 ಟನ್ ಮಿತಿ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು 11.5 ಟನ್ನಿಗೆ ಏರಿಸಿತು. ಏರಿದ್ದು ಎಂಟರಲ್ಲೊಂದು ಪಾಲು. ಮೇಲಿನ ಲೆಕ್ಕದಲ್ಲಿ ಸವೆತ ಒಂದೂವರೆ ಪಟ್ಟಿಗೂ ಹೆಚ್ಚು.

ಉಳಿತಾಯ ಯಾರಿಗೆ?

ಹಿಂದಿನ ಅಚ್ಚಿಗೆ 16 ಟನ್ ಬೀಳುವಂತೆ ಒಂದೇ ಸಲ ಹೇರಿದಿರಿ ಅಂತಿಟ್ಟುಕೊಳ್ಳಿ. ಅದೇ ಸರಕನ್ನು 8 ಟನ್ ಬೀಳುವಂತೆ ಹೊಡೆಯಲು, ಖಾಲಿ ಲಾರಿಯ ತೂಕವೂ ಸೇರುವುದರಿಂದ, ಮೂರು ಸಲ ಬೇಕಾದೀತು. ಮೂರು ಸಲದ ಸವೆತ 3, ಒಂದೇ ಸಲದ್ದು 16. ಬಾಡಿಗೆ ಉಳಿಯುವುದು ಒಬ್ಬರಿಗೆ. ಗುಂಡಿಯ ಖರ್ಚು ಬಸ್ಸಲ್ಲಿ ಹೋಗುವವರಿಗೆ, ಸ್ಕೂಟರಿನವರಿಗೆ, ಬಸುರಿ ಹೆಂಗಸರಿಗೆ. ಸರಕು ಹೆಚ್ಚಿದ್ದರೆ ಅಚ್ಚು ಹೆಚ್ಚಿರುವ ಲಾರಿ ಹಿಡಿಯುವುದೇ ಲೇಸು. ಭಾರ ಹಂಚಿಹೋಗುತ್ತದೆ.

ಮಳೆಗಾಲ, ಇಳಿಜಾರು

ನೀರು ಕುಡಿದ ಬುಡಕ್ಕೆ ತ್ರಾಣ ಕಮ್ಮಿ. ಬೇಸಿಗೆಯಲ್ಲಿ ತಡೆದ ರಸ್ತೆ ಆಷಾಢದಲ್ಲಿ ಅದೇ ಹೇರಿಗೆ ಕುಸಿಯುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದದ್ದು ಮಳೆಯಿಂದ. ಆದರೂ ನೆನೆದ ರಸ್ತೆ ಎಷ್ಟು ನಾಜೂಕು ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಇಳಿಜಾರಿನಲ್ಲಿ ಇನ್ನೊಂದು ಅಪಾಯ. ಹೇರು ಎರಡರಷ್ಟಾದರೆ ಬ್ರೇಕು ತಡೆಯಬೇಕಾದ ರಭಸವೂ ಎರಡರಷ್ಟು. ವೇಗ ಎರಡರಷ್ಟಾದರೆ ಅದು ನಾಲ್ಕರಷ್ಟು. ತುಳಿದೇ ಇಳಿದರೆ ಬ್ರೇಕು ಕಾದು ಹಿಡಿಯುವುದೇ ಇಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ.

ರೈತರು ಮಾಡಬಹುದಾದದ್ದು

ಗೊಬ್ಬರ, ಜಲ್ಲಿ, ದಿಮ್ಮಿಯ ಸಾಗಾಟ ಮಳೆ ಹಿಡಿಯುವ ಮೊದಲೇ ಮುಗಿಸಿ. ತೋಟದ ನೀರನ್ನು ರಸ್ತೆಗೆ ಬಿಡಬೇಡಿ, ಮುಂದಿನ ಚರಂಡಿ ಬಿಡಿಸಿಡಿ. ಬಾಡಿಗೆ ಮಾತಾಡುವಾಗ ಲಾರಿಗೆಷ್ಟು ಅಂತ ಕೇಳಬೇಡಿ, ಟನ್ನಿಗೆಷ್ಟು ಅಂತ ಕೇಳಿ. ವೇಬ್ರಿಜ್ ಚೀಟಿ ನೋಡಿಯೇ ದುಡ್ಡು ಕೊಡಿ. ಹೆಚ್ಚು ತುಂಬಿದಷ್ಟೂ ಅಗ್ಗ ಅನ್ನುವ ಆಸೆ ಅಲ್ಲಿಗೆ ನಿಲ್ಲುತ್ತದೆ.