ಟ್ರ್ಯಾಕ್ಟರಿಗೆ ಸಿಂಥೆಟಿಕ್ ಎಣ್ಣೆ ಬೇಕೇ? ಹೆಸರು ನೋಡದೆ ಡಬ್ಬಿ ಓದಿ ಕೊಳ್ಳಿರಿ



ಬೇಸಾಯದಲ್ಲಿ ಹದವೇ ಮುಖ್ಯ. ಹಿಂಗಾರಿಯಲ್ಲಿ ಎರೆ ಭೂಮಿಯ ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಕೆಟ್ಟು ಮಿಸ್ತ್ರಿಯ ಶೆಡ್ಡಿನಲ್ಲಿ ನಿಂತರೆ ಒಳ್ಳೆಯ ಬೀಜವೂ ಗೊಬ್ಬರವೂ ಮನೆಯಲ್ಲೇ ಉಳಿಯುತ್ತವೆ. ಎಂಜಿನ್ ಬಿಚ್ಚಿ ಲೈನರ್, ಪಿಸ್ಟನ್, ಬೇರಿಂಗುಗಳನ್ನು ಹೊಸದಾಗಿ ಹಾಕಿಸುವ ಖರ್ಚು ಒಂದು ಕಡೆ, ತಪ್ಪಿದ ಬಿತ್ತನೆಯ ನಷ್ಟ ಇನ್ನೊಂದು ಕಡೆ. ಆದುದರಿಂದ ಎಂಜಿನ್ ಎಣ್ಣೆಯ ವಿಷಯ ಬೇಸಾಯಕ್ಕೆ ಹೊರತಾದುದಲ್ಲ.

ಈಚಿನ ವರ್ಷಗಳಲ್ಲಿ ಪೇಟೆಯಲ್ಲಿ ಸಿಂಥೆಟಿಕ್ ಎಣ್ಣೆಯ ಡಬ್ಬಿಗಳು ಹೆಚ್ಚಾಗಿವೆ. ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಗಲ್ಫ್, ಶೆಲ್, ಮೊಬಿಲ್, ವೀಡಾಲ್ ಹೀಗೆ ಹೆಸರುಗಳೂ ಹಲವು. ಇವುಗಳಲ್ಲಿ ಯಾವುದು ಶ್ರೇಷ್ಠ? ಹೆಚ್ಚು ಬೆಲೆ ಕೊಟ್ಟು ಸಿಂಥೆಟಿಕ್ ಹಾಕಿದರೆ ಎಂಜಿನ್ ಹೆಚ್ಚು ಬಾಳುವುದೇ? ಉತ್ತರವನ್ನು ಮೊದಲೇ ಹೇಳುವುದಾದರೆ, ನಮ್ಮ ಹವೆಯಲ್ಲಿ ದುಡಿಯುವ ಸಾಮಾನ್ಯ ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ ಎಂಜಿನ್ನಿಗೆ ಸರಿಯಾದ ದರ್ಜೆಯ ಖನಿಜ ಎಣ್ಣೆಯನ್ನು ವೇಳೆಗೆ ಸರಿಯಾಗಿ ಬದಲಿಸಿದರೆ ಸಾಕು. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸಿದೆ.

ಎಣ್ಣೆ ಮಾಡುವ ಕೆಲಸ

ಎಂಜಿನ್ ತಿರುಗುವಾಗ ಬೇರಿಂಗಿಗೂ ಕ್ರ್ಯಾಂಕ್ ಶಾಫ್ಟಿಗೂ ನಡುವೆ ಎಣ್ಣೆಯ ತೆಳುವಾದ ಪೊರೆ ನಿಲ್ಲುತ್ತದೆ. ಈ ಪೊರೆ ಇರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಅದರ ಜೊತೆಗೆ ಎಣ್ಣೆಯು ಪಿಸ್ಟನ್ನಿನ ಕಾವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತನ್ನಲ್ಲಿ ತೇಲಿಸಿಕೊಳ್ಳುತ್ತದೆ ಮತ್ತು ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಸಪ್ಪೆಗೊಳಿಸುತ್ತದೆ. ಕ್ಯಾಮ್, ಟ್ಯಾಪೆಟ್ಟುಗಳಂತಹ ಕಡೆ ಪೊರೆ ಹರಿಯುವ ಸಂಭವವಿದೆ. ಅಲ್ಲಿ ಎಣ್ಣೆಯಲ್ಲಿ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತವು ಲೋಹದ ಮೇಲೆ ರಕ್ಷಣೆಯ ಪದರವನ್ನು ಉಂಟುಮಾಡುತ್ತದೆ. ಅಂದರೆ ಸವೆತ ತಡೆಯುವ ಗುಣ ಮೂಲ ಎಣ್ಣೆಯೊಂದರಿಂದಲೇ ಬರುವುದಿಲ್ಲ. ಅದರಲ್ಲಿ ಬೆರೆಸಿದ ರಾಸಾಯನಿಕಗಳ ಪಾಲು ದೊಡ್ಡದು. ಇವು ಖನಿಜ ಎಣ್ಣೆಯಲ್ಲೂ ಇವೆ, ಸಿಂಥೆಟಿಕ್ ಎಣ್ಣೆಯಲ್ಲೂ ಇವೆ.

ಸಿಂಥೆಟಿಕ್ ಎಂದರೇನು?

ಖನಿಜ ಎಣ್ಣೆಯು ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆದುದು. ಅದರ ಅಣುಗಳು ಗಾತ್ರದಲ್ಲಿಯೂ ಆಕಾರದಲ್ಲಿಯೂ ಬೇರೆ ಬೇರೆ. ಸಿಂಥೆಟಿಕ್ ಎಣ್ಣೆಯಲ್ಲಿ ಅಣುಗಳನ್ನು ಕಾರ್ಖಾನೆಯಲ್ಲಿ ಒಂದೇ ತೆರನಾಗಿ ಜೋಡಿಸುತ್ತಾರೆ. ಇದನ್ನು ಜಾತಿ ಕಲಬೆರಕೆಯ ಬೀಜಕ್ಕೂ ಶುದ್ಧ ತಳಿಯ ಬೀಜಕ್ಕೂ ಇರುವ ಅಂತರಕ್ಕೆ ಹೋಲಿಸಬಹುದು. ಹೀಗಾಗಿ ಸಿಂಥೆಟಿಕ್ ಎಣ್ಣೆ ಹೆಚ್ಚು ಕಾವಿನಲ್ಲಿ ಬೇಗ ಹಾಳಾಗುವುದಿಲ್ಲ, ಆವಿಯಾಗಿ ಕಡಿಮೆಯಾಗುವುದೂ ಕಡಿಮೆ, ಕೊರೆಯುವ ಚಳಿಯಲ್ಲೂ ಸರಾಗವಾಗಿ ಹರಿಯುತ್ತದೆ. ಈ ಬಗೆಯ ಮೊಬಿಲ್ 1 ಎಣ್ಣೆ 1974ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು.

ಆದರೆ ಇಂದು ಸಿಂಥೆಟಿಕ್ ಎಂಬ ಮಾತು ಸಡಿಲವಾಗಿದೆ. ಕಚ್ಚಾ ತೈಲದಿಂದಲೇ ತೆಗೆದು, ಜಲಜನಕದಿಂದ ತೀವ್ರವಾಗಿ ಸಂಸ್ಕರಿಸಿದ ಮೂರನೆಯ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರುತ್ತಾರೆ. ಅಮೆರಿಕದಲ್ಲಿ ಇದರ ಬಗ್ಗೆ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ತಕರಾರು ಎದ್ದಾಗ, ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ 1999ರಲ್ಲಿ ಹಾಗೆ ಕರೆಯಬಹುದೆಂದು ತೀರ್ಮಾನ ನೀಡಿತು. ಆ ಎಣ್ಣೆಯೂ ಗುಣದಲ್ಲಿ ಒಳ್ಳೆಯದೇ. ಆದರೆ ಸಿಂಥೆಟಿಕ್ ಎಂದು ಬರೆದ ಡಬ್ಬಿಗಳೆಲ್ಲವೂ ಒಂದೇ ಅಲ್ಲ ಎಂಬುದನ್ನು ತಿಳಿದಿರಬೇಕು.

ಡಬ್ಬಿಯ ಮೇಲಿನ ಅಂಕೆ ಮತ್ತು ಅಕ್ಷರ

ಮೊದಲು ನೋಡಬೇಕಾದುದು ಎಸ್‌ಎಇ ಅಂಕೆ. ಇದು ಎಣ್ಣೆಯ ಮಂದತನವನ್ನು ಹೇಳುತ್ತದೆ. 15ಡಬ್ಲ್ಯು-40 ಎಂದಿದ್ದರೆ ಮೊದಲ ಭಾಗ ಚಳಿಯ ಗುಣಕ್ಕೆ, ಎರಡನೆಯದು ಬಿಸಿಯ ಗುಣಕ್ಕೆ ಸಂಬಂಧಿಸಿದ್ದು. 40 ಎಂಬ ದರ್ಜೆಯ ಎಣ್ಣೆ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿನ ಮಂದತನ ಹೊಂದಿರಬೇಕು. 15ಡಬ್ಲ್ಯು-40 ಖನಿಜ ಎಣ್ಣೆಗೂ 5ಡಬ್ಲ್ಯು-40 ಸಿಂಥೆಟಿಕ್ ಎಣ್ಣೆಗೂ ಈ ಮಿತಿ ಒಂದೇ. ವ್ಯತ್ಯಾಸವಿರುವುದು ಚಳಿಯಲ್ಲಿ. 15ಡಬ್ಲ್ಯು ಎಣ್ಣೆಯಲ್ಲಿ ಎಂಜಿನ್ ತಿರುಗುವುದೇ ಎಂದು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ, 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೆ. ಹಿಮ ಬೀಳುವ ದೇಶದಲ್ಲಿ ಇದು ದೊಡ್ಡ ಅನುಕೂಲ. ಬೀದರ, ಧಾರವಾಡಗಳ ಮಾಗಿಯ ಚಳಿಗೆ 15ಡಬ್ಲ್ಯು ಧಾರಾಳವಾಗಿ ಸಾಕು.

ಇನ್ನೊಂದು ಅಂಶವೂ ಇದೆ. ಬೇರಿಂಗಿನೊಳಗಿನ ಸ್ಥಿತಿಗೆ ಹತ್ತಿರವಾಗುವಂತೆ 150 ಡಿಗ್ರಿ ಕಾವಿನಲ್ಲಿ, ರಭಸದ ಚಲನೆಯಲ್ಲಿ ಎಣ್ಣೆಯ ಮಂದತನವನ್ನು ಅಳೆಯುತ್ತಾರೆ. ಎಸ್‌ಎಇ ನಿಯಮದಂತೆ 15ಡಬ್ಲ್ಯು-40 ಎಣ್ಣೆಗೆ ಇದರ ಕನಿಷ್ಠ ಅಳತೆ 3.7, 5ಡಬ್ಲ್ಯು-40ಕ್ಕೆ 3.5, 5ಡಬ್ಲ್ಯು-30ಕ್ಕೆ 2.9. ತೆಳುವಾದ ಎಣ್ಣೆ ಇಂಧನ ಉಳಿಸಬಹುದು, ಆದರೆ ಅದಕ್ಕೆಂದು ರೂಪಿಸದ ಎಂಜಿನ್ನಿನಲ್ಲಿ ಪೊರೆ ತೆಳುವಾಗುತ್ತದೆ.

ಎರಡನೆಯದಾಗಿ ಎಪಿಐ ಅಕ್ಷರಗಳನ್ನು ನೋಡಿರಿ. 'ಸಿ'ಯಿಂದ ಮೊದಲಾದರೆ ಡೀಸೆಲ್ ಎಂಜಿನ್ನಿಗೆ, 'ಎಸ್'ನಿಂದ ಮೊದಲಾದರೆ ಪೆಟ್ರೋಲ್ ಎಂಜಿನ್ನಿಗೆ. ಸಿಎಫ್-4 ವರ್ಗ 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರಲ್ಲಿ ಬಂದವು. ಸಾಮಾನ್ಯವಾಗಿ ಹೊಸ ವರ್ಗದ ಎಣ್ಣೆಯನ್ನು ಹಳೆಯ ಎಂಜಿನ್ನಿಗೆ ಹಾಕಬಹುದು. ಹಳೆಯ ವರ್ಗದ ಎಣ್ಣೆಯನ್ನು ಹೊಸ ಎಂಜಿನ್ನಿಗೆ ಹಾಕಬಾರದು.

ಬ್ರಾಂಡುಗಳನ್ನು ಹೋಲಿಸುವ ಬಗೆ

ಸಿಕೆ-4 ವರ್ಗಕ್ಕೆ ಸೇರಲು ಎಣ್ಣೆಯನ್ನು ನಿಜವಾದ ಎಂಜಿನ್ನುಗಳಲ್ಲಿ ಓಡಿಸಿ ನೋಡುತ್ತಾರೆ. ಮ್ಯಾಕ್ ಟಿ-12 ಪರೀಕ್ಷೆಯಲ್ಲಿ ರಿಂಗ್ ಮತ್ತು ಲೈನರುಗಳ ಸವೆತವನ್ನು, ಕಮ್ಮಿನ್ಸ್ ಐಎಸ್‌ಬಿ ಪರೀಕ್ಷೆಯಲ್ಲಿ ಕ್ಯಾಮ್, ಟ್ಯಾಪೆಟ್ಟುಗಳ ಸವೆತವನ್ನು ಅಳೆಯುತ್ತಾರೆ. ಯಾವ ಕಂಪನಿಯ ಎಣ್ಣೆಯಾದರೂ, ಖನಿಜವಾದರೂ ಸಿಂಥೆಟಿಕ್ ಆದರೂ, ಪಾಸಾಗಬೇಕಾದ ಮಿತಿ ಒಂದೇ. ಆದುದರಿಂದ ಹೋಲಿಸುವಾಗ ಒಂದೇ ಅಂಕೆ, ಒಂದೇ ವರ್ಗದ ಎಣ್ಣೆಗಳನ್ನು ಎದುರುಬದುರು ಇಡಬೇಕು. ಕಂಪನಿಯ ಹೆಸರೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಉದಾಹರಣೆಗೆ, ಶೆಲ್ ಕಂಪನಿಯ ರಿಮುಲಾ ಹೆಸರಿನಲ್ಲೇ ಆರ್4 ಖನಿಜ ಎಣ್ಣೆ, ಆರ್6 ಪೂರ್ಣ ಸಿಂಥೆಟಿಕ್.

ಕೆಲವು ಜಾತ್ರೆ, ಮೇಳಗಳಲ್ಲಿ ಮಾರಾಟಗಾರರು ಒಂದು ಯಂತ್ರವನ್ನು ತೋರಿಸುತ್ತಾರೆ. ತಿರುಗುವ ಉಕ್ಕಿನ ಗಾಲಿಗೆ ಉಕ್ಕಿನ ತುಂಡನ್ನು ಸನ್ನೆಯಿಂದ ಒತ್ತುತ್ತಾರೆ. ಒಂದು ಎಣ್ಣೆಯಲ್ಲಿ ಗಾಲಿ ನಿಲ್ಲುತ್ತದೆ, ಇನ್ನೊಂದರಲ್ಲಿ ನಿಲ್ಲುವುದಿಲ್ಲ. ಇದನ್ನು ನೋಡಿ ಮರುಳಾಗಬೇಡಿರಿ. ಕ್ಲೋರಿನ್ ಬೆರೆತ ದ್ರವ ಈ ಯಂತ್ರದಲ್ಲಿ ಚೆನ್ನಾಗಿ ಗೆಲ್ಲುತ್ತದೆ, ಆದರೆ ಎಂಜಿನ್ನಿನೊಳಗೆ ಅದರಿಂದ ತುಕ್ಕು ಹಿಡಿಯುವ ಭಯವಿದೆ. ಎಪಿಐ ವರ್ಗಗಳ ಪರೀಕ್ಷೆಗಳಲ್ಲಿ ಈ ಗಾಲಿ ಆಟಕ್ಕೆ ಸ್ಥಾನವಿಲ್ಲ.

ಖರ್ಚಿನ ಲೆಕ್ಕ

ಲೆಕ್ಕಕ್ಕೆಂದು ಕೆಲವು ಅಂಕೆಗಳನ್ನು ಹಿಡಿಯೋಣ. ಎಂಜಿನ್ನಿಗೆ 8 ಲೀಟರ್ ಎಣ್ಣೆ, ಬದಲಿಸುವ ಅವಧಿ 250 ಗಂಟೆ. ಖನಿಜ ಎಣ್ಣೆ ಲೀಟರಿಗೆ 300 ರೂಪಾಯಿ ಆದರೆ ಒಟ್ಟು 2400 ರೂಪಾಯಿ, ಗಂಟೆಗೆ 9 ರೂಪಾಯಿ 60 ಪೈಸೆ. ಸಿಂಥೆಟಿಕ್ ಲೀಟರಿಗೆ 600 ರೂಪಾಯಿ ಆದರೆ ಗಂಟೆಗೆ 19 ರೂಪಾಯಿ 20 ಪೈಸೆ. ಇನ್ನು ಇಂಧನದ ಉಳಿತಾಯ. ಗಂಟೆಗೆ 4 ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ, ಉಳಿತಾಯ ನೂರಕ್ಕೆ 1 ಎಂದರೆ ಗಂಟೆಗೆ 3 ರೂಪಾಯಿ 60 ಪೈಸೆ. ನೂರಕ್ಕೆ 2 ಎಂದರೂ 7 ರೂಪಾಯಿ 20 ಪೈಸೆ. ಹೆಚ್ಚುವರಿ ಖರ್ಚಾದ 9 ರೂಪಾಯಿ 60 ಪೈಸೆ ಹುಟ್ಟುವುದಿಲ್ಲ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ನೀವೇ ಲೆಕ್ಕ ಮಾಡಿರಿ.

ಸಿಂಥೆಟಿಕ್ ಎಣ್ಣೆಯನ್ನು ಎರಡು ಪಟ್ಟು ಕಾಲ ಓಡಿಸಿದರೆ ಲೆಕ್ಕ ಸರಿಹೋಗುವುದಲ್ಲವೇ ಎಂದು ಕೇಳಬಹುದು. ಕೈಪಿಡಿಯಲ್ಲಿ ಹಾಗೆ ಬರೆದಿದ್ದರೆ ಮಾತ್ರ ಮಾಡಿರಿ. ಎಣ್ಣೆ ಎಷ್ಟೇ ಒಳ್ಳೆಯದಾದರೂ ಅದರೊಳಗೆ ಸೇರುವ ಮಸಿ, ಧೂಳು ಮತ್ತು ಸೋರಿದ ಡೀಸೆಲ್ ಕಡಿಮೆಯಾಗುವುದಿಲ್ಲ.

ಸಿಂಥೆಟಿಕ್ ಯಾರಿಗೆ ಬೇಕು?

ಕೈಪಿಡಿಯಲ್ಲಿ ಅದನ್ನೇ ಹೇಳಿದ್ದರೆ ಅದನ್ನೇ ಹಾಕಬೇಕು. ಟರ್ಬೊ ಇರುವ, ದಿನವಿಡೀ ಪೂರ್ಣ ಭಾರದಲ್ಲಿ ದುಡಿಯುವ ಕೊಯ್ಲು ಯಂತ್ರಗಳಂತಹ ದೊಡ್ಡ ಎಂಜಿನ್ನುಗಳಿಗೆ ಅದರ ಕಾವು ತಾಳುವ ಗುಣ ಪ್ರಯೋಜನಕಾರಿ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಹೊಗೆ ನಿಯಮ ಜಾರಿಗೆ ಬಂದಿದೆ. ಅಂತಹ ಟ್ರ್ಯಾಕ್ಟರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಇರುವ ಸಿಜೆ-4 ಅಥವಾ ಸಿಕೆ-4 ವರ್ಗದ ಎಣ್ಣೆಯೇ ಬೇಕು. ಇಲ್ಲವಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಸವೆತದ ನಿಜವಾದ ಶತ್ರು ಧೂಳು

ಹೊಲದ ಧೂಳಿನಲ್ಲಿ ಮರಳಿನ ನುಣ್ಣನೆಯ ಕಣಗಳಿರುತ್ತವೆ. ಇವು ಒಳಗೆ ಸೇರಿದರೆ ರಿಂಗು, ಲೈನರುಗಳನ್ನು ಉಪ್ಪುಕಾಗದದಂತೆ ಉಜ್ಜುತ್ತವೆ. ಇದನ್ನು ಯಾವ ಬ್ರಾಂಡಿನ ಎಣ್ಣೆಯೂ ತಡೆಯಲಾರದು. ಆದುದರಿಂದ ಎಣ್ಣೆಗೆ ಹೆಚ್ಚು ಹಣ ಸುರಿಯುವ ಮೊದಲು ಏರ್ ಕ್ಲೀನರ್ ಕಡೆ ಗಮನ ಕೊಡಿರಿ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಆದರೆ ರಾಶಿ ಮಾಡುವ ಮತ್ತು ಒಣ ಉಳುಮೆಯ ದಿನಗಳಲ್ಲಿ ಪ್ರತಿದಿನ ಬಿಚ್ಚಿ ನೋಡಿ, ಕೆಸರನ್ನು ತೆಗೆದು, ಗುರುತಿನವರೆಗೆ ಮಾತ್ರ ಎಣ್ಣೆ ತುಂಬಬೇಕು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೆ ಕೂಡಲೇ ಬದಲಿಸಿರಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು, ಸಮನಾದ ನೆಲದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿರಿ.

2. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಬೇಗ ಕಪ್ಪಾಗುವುದು ದೋಷವಲ್ಲ. ಅದು ಮಸಿಯನ್ನು ಹೊತ್ತಿರುವುದರ ಗುರುತು. ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಮಟ್ಟ ತಾನಾಗಿ ಏರಿದರೆ ಡೀಸೆಲ್ ಅಥವಾ ನೀರು ಸೋರುತ್ತಿದೆ. ಕೂಡಲೇ ಎಂಜಿನ್ ನಿಲ್ಲಿಸಿ ಮಿಸ್ತ್ರಿಗೆ ತೋರಿಸಿರಿ.

3. ಎಂಜಿನ್ ಬಿಸಿಯಿರುವಾಗಲೇ ಹಳೆಯ ಎಣ್ಣೆಯನ್ನು ಇಳಿಸಿರಿ. ಜೊತೆಗೆ ಎಣ್ಣೆಯ ಫಿಲ್ಟರನ್ನೂ ಬದಲಿಸಿರಿ. ದಿನಾಂಕ ಮತ್ತು ಗಂಟೆಯನ್ನು ಗೋಡೆಯ ಮೇಲಾದರೂ ಬರೆದಿಡಿರಿ.

4. ಗಿಯರ್ ಪೆಟ್ಟಿಗೆ, ಹೈಡ್ರಾಲಿಕ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೆ ಬೇರೆ ಎಣ್ಣೆ ಬೇಕು. ಎಂಜಿನ್ ಎಣ್ಣೆ ಉಳಿದಿದೆಯೆಂದು ಅಲ್ಲಿ ಸುರಿಯಬೇಡಿರಿ. ಹಾಗೆಯೇ ಬೈಕಿಗೆ ಜಾಸೊ ಎಂಎ ಗುರುತಿನ ಎಣ್ಣೆಯನ್ನೇ ಹಾಕಿರಿ. ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು.

5. ಬಿಡಿ ಎಣ್ಣೆ ಕೊಳ್ಳಬೇಡಿರಿ. ಸೀಲು ನೋಡಿ, ರಸೀದಿ ಪಡೆಯಿರಿ. ಖಾಲಿ ಡಬ್ಬಿಗೆ ತೂತು ಹಾಕಿರಿ, ಇಲ್ಲವಾದರೆ ಅದೇ ಡಬ್ಬಿಯಲ್ಲಿ ನಕಲಿ ಎಣ್ಣೆ ಮರಳಿ ಬಂದೀತು.

6. ಹಳೆಯ ಎಣ್ಣೆಯನ್ನು ಹೊಲಕ್ಕೆ, ಕಾಲುವೆಗೆ, ಬಾವಿಯ ಬದಿಗೆ ಚೆಲ್ಲಬೇಡಿರಿ. ಅದು ನೆಲವನ್ನೂ ನೀರನ್ನೂ ಕೆಡಿಸುತ್ತದೆ, ಚರ್ಮಕ್ಕೂ ಹಾನಿಕರ. ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆ ಸಂಗ್ರಹಿಸುವ ಪರವಾನಗಿ ಉಳ್ಳವರಿಗೆ ಕೊಡಿರಿ.

ಮುಂದಿನ ಸಲ ಅಂಗಡಿಗೆ ಹೋಗುವಾಗ ಟ್ರ್ಯಾಕ್ಟರಿನ ಕೈಪಿಡಿಯನ್ನು ಜೊತೆಗೆ ಒಯ್ಯಿರಿ. ಅದರಲ್ಲಿರುವ ಅಂಕೆ ಮತ್ತು ಅಕ್ಷರ ಡಬ್ಬಿಯ ಮೇಲಿದ್ದರೆ, ಎಣ್ಣೆ ಅಸಲಿಯಾಗಿದ್ದರೆ, ಯಾವ ಹೆಸರಾದರೂ ಚಿಂತೆಯಿಲ್ಲ. ಉಳಿದ ಹಣದಲ್ಲಿ ಹೊಸ ಫಿಲ್ಟರುಗಳನ್ನು ಕೊಂಡು ತನ್ನಿರಿ.